ರೆಕ್ಸ್ ಪೆಂಗಿಲಿಯ ಎರಡು ಸೈಕಲ್ಲಿನ ರ್ಯಾಕು

ದ್ರಾಕ್ಷಿತೋಟಗಳ ನಡುವಿನ ಕ್ಲೇರ್ ಊರಿನ ಚರ್ಚ್ ಬೀದಿಯಲ್ಲಿ ರೆಕ್ಸ್ ಪೆಂಗಿಲಿಯ ಕಾರಿಗೆ ರಕ್ತ ಕೊಡದ ಕಣಕಾಲು ಒಂದೂ ಇರಲಿಲ್ಲ. ಕಾರು ಯಾರನ್ನೂ ಅಟ್ಟಿಸಿಕೊಂಡು ಹೋದದ್ದಲ್ಲ. ಪಾಪ, ತನ್ನ ಪಾಡಿಗೆ ಮನೆ ಮುಂದೆ ನಿಂತಿರುತ್ತಿತ್ತು. ಆದರೆ ಅದರ ಹಿಂಭಾಗದಿಂದ ಟೋಬಾರ್, ಅಂದರೆ ಇನ್ನೊಂದು ಗಾಡಿಯನ್ನು ಎಳೆಯುವ ಕಬ್ಬಿಣದ ನಾಲಗೆ, ಕಾಲುದಾರಿಯ ಮೇಲಕ್ಕೆ ಚಾಚಿಕೊಂಡಿತ್ತು. ನಾಲಗೆಯ ತುದಿಯಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಉಕ್ಕಿನ ಗುಂಡು. ಅಂಚೆಯವನು, ಪಾದ್ರಿ, ಪಾದ್ರಿಯ ನಾಯಿ, ಮತ ಕೇಳಲು ಬಂದ ಅಭ್ಯರ್ಥಿ, ಎಲ್ಲರೂ ಅದಕ್ಕೆ ಕಪ್ಪ ಒಪ್ಪಿಸಿಯೇ ಮುಂದೆ ಹೋದವರು. ಮಕ್ಕಳ ವಯಸ್ಸು ಹೇಳುವಾಗಲೂ ‘ರೆಕ್ಸನ ಗುಂಡು ಬರುವ ಮೊದಲು ಹುಟ್ಟಿದ್ದು’ ಎನ್ನುವ ರೂಢಿ ಬಿದ್ದಿತ್ತು. ಎದುರುಮನೆಯ ಕ್ಲೆಮ್ ನೋಸ್ಕೆಗೆ ಎರಡೂ ಕಾಲಿನಲ್ಲಿ ಗುರುತು. ಎರಡನೆಯದು, ಮೊದಲನೆಯದು ಹೇಗಾಯಿತೆಂದು ಯಾರಿಗೋ ತೋರಿಸಲು ಹೋದಾಗ ಆದದ್ದು.

ಇಷ್ಟೆಲ್ಲ ಪರಾಕ್ರಮ ಮೆರೆದ ಗುಂಡು ಹುಟ್ಟಿದಂದಿನಿಂದ ಏನನ್ನೂ ಎಳೆದಿರಲಿಲ್ಲ. ಶಾಲಾ ಬಸ್ಸಿನ ಚಾಲಕನಾಗಿದ್ದ ರೆಕ್ಸ್, ನಿವೃತ್ತನಾದ ಮೇಲೆ ಹೆಂಡತಿ ಗ್ಲೆನಿಸಳಿಗೆ ಕ್ಯಾರವಾನ್ ಎಂಬ ಗಾಲಿಮನೆಯಲ್ಲಿ ದೇಶ ತೋರಿಸುತ್ತೇನೆಂದು ಮಾತು ಕೊಟ್ಟು ಅದನ್ನು ಹಾಕಿಸಿದ್ದ. ಮಾತು ಕೊಡಲು ಅವನಿಗೆ ಕ್ಷಣ ಸಾಕು. ಕ್ಯಾರವಾನ್ ಆರಿಸಲು ಆಯುಷ್ಯ ಸಾಲದು. ಅಳೆದ, ಸುರಿದ, ಮೀನ ಮೇಷ ಎಣಿಸಿದ. ಒಂದರ ಹಾಸಿಗೆ ಗಿಡ್ಡ, ಇನ್ನೊಂದರ ಕಿಟಕಿಗೆ ಬಿಸಿಲು ಜಾಸ್ತಿ. ಕೊನೆಗೆ ಗ್ಲೆನಿಸ್ ಹಳೆಯ ಟೆನಿಸ್ ಚೆಂಡೊಂದನ್ನು ಸೀಳಿ ಗುಂಡಿನ ತಲೆಗೆ ತೊಡಿಸಿದಳು. ಬೀದಿಯ ಕಾಲುಗಳು ಬದುಕಿಕೊಂಡವು. “ನೀನು ನಂಗೆ ಟೋಪಿ ಹಾಕ್ದೆ, ನಾನು ಇದಕ್ಕೆ ಹಾಕ್ದೆ,” ಎಂದು ಅವಳು ಗಂಡನಿಗೆ ಹೇಳಿದ್ದನ್ನು ಕ್ಲೆಮ್ ಬೇಲಿಯಾಚೆಯಿಂದ ಕೇಳಿ ಊರಿಗೆಲ್ಲ ಹಂಚಿದ.

ಬರಬರುತ್ತಾ ಅವಳ ಆಸೆ ಸವೆದು ಒಂದೇ ದಿನಕ್ಕೆ ಇಳಿಯಿತು. ದೇಶ ಬೇಡ. ತಾನು ಹುಟ್ಟಿದ ಗೂಲ್ವಾದಲ್ಲಿ ಕಡಲಂಚಿಗೆ ಸೈಕಲ್ ದಾರಿಯಿದೆ, ಅಲ್ಲಿ ಇಬ್ಬರೂ ಜೊತೆಯಾಗಿ ಒಮ್ಮೆ ತುಳಿದರೆ ಸಾಕು. ಸೈಕಲ್ಲುಗಳಿದ್ದವು, ಕಾರಿತ್ತು, ಗುಂಡೂ ಇತ್ತು. ಗುಂಡಿನ ಮೇಲೆ ಕೂರಿಸುವ, ಸೈಕಲ್ ಹೊರುವ ಒಂದು ರ್ಯಾಕು ತಂದರೆ ಮುಗಿಯಿತು.

ಹೀಗೆ ರ್ಯಾಕಿನ ದಂಡಯಾತ್ರೆ ಶುರುವಾಯಿತು. ಯಾರೂ ಕೇಳದ ಸಲಹೆ ಕೊಡಲು ಕ್ಲೆಮ್ ಕೂಡ ಜೊತೆಗೆ ಹೊರಟ. ಸೈಕಲ್ ಅಂಗಡಿಯ ಟಾನ್ಯಾ ಮೊದಲು ತೋರಿಸಿದ್ದು ಕಸಾಯಿ ಅಂಗಡಿಯ ಕುರಿಗಳಂತೆ ಸೈಕಲ್ಲುಗಳನ್ನು ತೂಗುಹಾಕುವ ಬಗೆ. ಆದರೆ ಗ್ಲೆನಿಸಳದು ಹೆಂಗಸರ ಸೈಕಲ್, ಮುಂದೆ ಬೆತ್ತದ ಬುಟ್ಟಿ, ನಡುವೆ ಅಡ್ಡಪಟ್ಟಿಯೇ ಇಲ್ಲ, ತೂಗುಹಾಕುವುದು ಎಲ್ಲಿಂದ? ಸರಿ, ಚಕ್ರಗಳನ್ನು ತಟ್ಟೆಯಲ್ಲಿ ನಿಲ್ಲಿಸುವ ಬಗೆ. ಅದು ಹಾಕಿದರೆ ಡಿಕ್ಕಿ ತೆಗೆಯಲು ಬರುತ್ತದೆಯೇ? ಅದಕ್ಕೆಂದೇ ಹಿಂದಕ್ಕೆ ಬಾಗುವಂಥದ್ದೂ ಇತ್ತು. ರೆಕ್ಸ್ ಮಧ್ಯಾಹ್ನವಿಡೀ ಅದನ್ನು ಬಾಗಿಸಿದ, ಎತ್ತಿದ, ಮತ್ತೆ ಬಾಗಿಸಿದ. ಯೋಚಿಸಿ ಹೇಳುತ್ತೇನೆಂದು ಮನೆಗೆ ಹೋದ. ಯೋಚನೆಯಲ್ಲಿ ವಸಂತ ಕಳೆಯಿತು.

ಬೇಸಿಗೆಯಲ್ಲಿ ಗ್ಲೆನಿಸಳಿಗೆ ದಿಣ್ಣೆ ಹತ್ತುವಾಗ ಉಸಿರು ಸಾಲದಾಯಿತು. ಡಾಕ್ಟರು ಶ್ವಾಸಕೋಶದ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿದರು. ತುಳಿಯುವ ಕಷ್ಟ ತಪ್ಪಲೆಂದು ಅವಳಿಗೊಂದು ಬ್ಯಾಟರಿ ಸೈಕಲ್ ಬಂತು; ಹಳೆಯ ಬುಟ್ಟಿ ಬಿಚ್ಚಿ ಅದಕ್ಕೇ ಕಟ್ಟಿಸಿಕೊಂಡಳು. ಸೈಕಲ್ಲೋ, ಎಳೆಗರುವಿನಷ್ಟು ಭಾರ. ಇನ್ನೇನು ಆರಿಸಿಯೇಬಿಟ್ಟಿದ್ದ ರ್ಯಾಕು ಅದನ್ನು ಹೊರಲಾರದು. ಎಲ್ಲ ಮತ್ತೆ ಮೊದಲಿನಿಂದ. ರೆಕ್ಸ್ ಮದುಮಗಳನ್ನು ಎತ್ತಿಕೊಂಡಂತೆ ಸೈಕಲ್ ಎತ್ತಿಕೊಂಡು ಬಚ್ಚಲಿನ ತೂಕದ ಯಂತ್ರದ ಮೇಲೆ ನಿಂತ. ಗುಂಡು ಎಷ್ಟು ಭಾರ ತಾಳುತ್ತದೆಂದು ತಿಳಿಯಲು ಕಾರಿನಡಿಗೆ ತೆವಳಿದ. ಅವನ ಮುಖದಲ್ಲಿ ಒಂದು ಬಗೆಯ ನೆಮ್ಮದಿಯೂ ಕ್ಲೆಮ್‌ಗೆ ಕಂಡಿತು. ಅಳೆಯುವುದು ಮುಗಿಯದಿರುವ ತನಕ ಬೇರೇನೂ ಮುಗಿಯುವುದಿಲ್ಲ ಎಂದುಕೊಂಡಿದ್ದನೋ ಏನೋ.

ಬೇಸಿಗೆಯ ಕೊನೆಗೆ ಮತ್ತೊಮ್ಮೆ ಅಂಗಡಿಗೆ ಹೋದರು. ಗ್ಲೆನಿಸ್ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ರೆಕ್ಸ್ ರ್ಯಾಕಿನ ಬೆಲ್ಟೊಂದನ್ನು ಎಳೆದು ನೋಡುತ್ತಿದ್ದ.

“ನಿನ್ನ ಒಪ್ಕೊಳ್ಳೋಕೆ ನಾನು ಇಷ್ಟು ಹೊತ್ತು ತಗೊಂಡಿರ್ಲಿಲ್ಲ ಕಣೋ.”

“ಅದಕ್ಕೇ ನೋಡು, ಏನಾಯ್ತು.”

ಟಾನ್ಯಾ ನಕ್ಕಳು, ಕ್ಲೆಮ್ ನಕ್ಕ, ಎಲ್ಲರಿಗಿಂತ ಜೋರಾಗಿ ಗ್ಲೆನಿಸ್ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಟಾನ್ಯಾ ನೀರು ತಂದು ಬೆನ್ನು ನೀವುತ್ತಿದ್ದಾಗ ರೆಕ್ಸ್ ಬೆಲ್ಟು ಹಿಡಿದುಕೊಂಡೇ ನಿಂತಿದ್ದ. ಈಸ್ಟರ್ ಕಳೆಯಲಿ, ಆಮೇಲೆ ಕೊಂಡೇಬಿಡೋಣ ಎಂದ.

“ಆಗ್ಲಿ ಬಿಡು,” ಅಂದಳು ಗ್ಲೆನಿಸ್. “ಕಡಲೇನು ಎಲ್ಲಿಗೂ ಹೋಗಲ್ಲ.”

ಈಸ್ಟರ್ ಕಳೆಯಿತು. ದ್ರಾಕ್ಷಿ ಎಲೆ ಕೆಂಪಾಗುವಾಗ ಅವಳು ಆಸ್ಪತ್ರೆಯಲ್ಲಿದ್ದಳು. ಚಳಿಗಾಲದಲ್ಲಿ ಬಳ್ಳಿ ಕತ್ತರಿಸುವ ಹೊತ್ತಿಗೆ ಮಣ್ಣಿನಲ್ಲಿದ್ದಳು.

ಮಣ್ಣು ಮಾಡಿದ ಮರುದಿನ ರೆಕ್ಸ್ ಅದೇ ಕಪ್ಪು ಸೂಟಿನಲ್ಲಿ ಮನೆಯಿಂದ ಹೊರಬಿದ್ದ. ನಡಿಗೆ ಸರಿ ಕಾಣದೆ ಕ್ಲೆಮ್ ಹಿಂದೆಯೇ ಹೋದ. ರೆಕ್ಸ್ ಅಂಗಡಿ ಹೊಕ್ಕು ಒಂದು ರ್ಯಾಕಿನತ್ತ ಬೆರಳು ತೋರಿಸಿದ. ಬೆಲ್ಟು ಎಳೆಯಲಿಲ್ಲ, ಬಾಗಿಸಲಿಲ್ಲ, ಭಾರ ಕೇಳಲಿಲ್ಲ. ಟಾನ್ಯಾ ಮೆಲ್ಲಗೆ, ಒಂದೇ ಸೈಕಲ್ಲಿನದೂ ಇದೆ, ಒಬ್ಬರೇ ಎತ್ತಿಡಲು ಹಗುರ ಎಂದಳು.

“ಎರಡರದ್ದು ಕೊಡು ಟಾನ್ಯಾ.”

ಕ್ಲೆಮ್ ಬಾಗಿಲು ಮುಚ್ಚುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು. ರೆಕ್ಸ್ ಏನಾದರೂ ಒಂದನ್ನು ಥಟ್ಟನೆ ಆರಿಸುವ ದಿನ ಬಂದರೆ ಊರಿಗೆಲ್ಲ ಬಿಯರ್ ಕುಡಿಸುತ್ತೇನೆಂದು ಪಣ ತೊಟ್ಟಿದ್ದವನು ಇದೇ ಕ್ಲೆಮ್. ಆ ದಿನ ಬಂದಾಗ ಹೆಲ್ಮೆಟ್ಟುಗಳ ಕಡೆ ಮುಖ ತಿರುಗಿಸಿ, ಬಹಳ ಹೊತ್ತು ಒಂದೊಂದನ್ನೇ ನೋಡುತ್ತಾ ನಿಂತ.

ಅಲ್ಲಿಂದಾಚೆ ಭಾನುವಾರ ಬೆಳಗಾದರೆ ಕಾರು ಎರಡು ಸೈಕಲ್ ಹೊತ್ತು ದಕ್ಷಿಣಕ್ಕೆ ಹೊರಡುತ್ತಿತ್ತು. ಸಂಜೆ ಚಕ್ರಗಳಿಗೆ ಮರಳು ಮೆತ್ತಿಕೊಂಡು ಬರುತ್ತಿತ್ತು. ಬೀದಿ ಸುಮ್ಮನಿರುತ್ತದೆಯೇ? ಅವಳ ಸೈಕಲ್ಲನ್ನು ಕಡಲಿಗೆ ಮುಖಮಾಡಿ ನಿಲ್ಲಿಸುತ್ತಾನಂತೆ, ಎರಡು ಕಪ್ಪಿಗೆ ಚಹಾ ಬಗ್ಗಿಸುತ್ತಾನಂತೆ, ಮಾತಾಡುತ್ತಾನಂತೆ. ಹೋಗಿ ನೋಡಿದವರು ಯಾರೂ ಇಲ್ಲ. ಕಣಕಾಲು ಹಿಡಿದುಕೊಂಡು ಅವನ ವಂಶಕ್ಕೇ ಶಾಪ ಹಾಕಿದ್ದ ಹೆಂಗಸರು ಚರ್ಚಿನ ಚಹಾಕೂಟದಲ್ಲಿ ಕಣ್ಣೊರೆಸಿಕೊಂಡು, ಇಂಥ ಗಂಡ ಏಳು ಕಡಲಾಚೆಯೂ ಸಿಗಲಾರ ಎಂದರು. ನಿಜ ತಿಳಿದು ಬರಲು ಕ್ಲೆಮ್‌ನನ್ನು ಅಟ್ಟಿದರು. ಎರಡು ಗಾಯದ ಹಿರಿತನ ಅವನದು.

ಕ್ಲೆಮ್ ಹೋದಾಗ ರೆಕ್ಸ್ ಸೈಕಲ್ ಬಿಗಿಯುತ್ತಿದ್ದ. ಗ್ಲೆನಿಸಳ ಬೆತ್ತದ ಬುಟ್ಟಿಯಲ್ಲಿ ಸೀಳಿದ ಟೆನಿಸ್ ಚೆಂಡು ಕೂತಿತ್ತು. ಅದನ್ನು ನೋಡಿ ಕ್ಲೆಮ್ ಸಿದ್ಧಮಾಡಿಕೊಂಡು ಬಂದ ಮಾತೆಲ್ಲ ಬಿಟ್ಟು ಕೇಳಿಯೇಬಿಟ್ಟ.

“ಅಲ್ಲ ರೆಕ್ಸ್, ಅವಳ ಸೈಕಲ್ಲೂ ಹೊತ್ಕೊಂಡು ಹೋಗ್ತೀಯಲ್ಲ... ಅವಳ್ನೇ ಕಡಲಿಗೆ ಕರ್ಕೊಂಡು ಹೋದ ಹಾಗೆ ಅಂತಾನಾ?”

ರೆಕ್ಸ್ ಬೆಲ್ಟನ್ನು ಇನ್ನೊಂದಿಷ್ಟು ಬಿಗಿದ. ರ್ಯಾಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಅದು ಮಿಸುಕಲಿಲ್ಲ.

“ಒಂದನ್ನೇ ಕಟ್ಟಿದ್ರೆ ದಾರಿಯುದ್ದಕ್ಕೂ ಲಟಲಟ ಅನ್ನತ್ತೆ ಕಣೋ.”