ಏಳನೇ ನಂಬರಿನ ಸರ್ವೀಸು

ದೆವ್ವ, ಶಕುನ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ಸುಮ್ಮನೆ ಕೂತು ಕೇಳುತ್ತೇನೆ. ವಾದ ಮಾಡುವ ತ್ರಾಣ ಉಳಿದಿಲ್ಲ.

ಹರಿಹರದ ಒಂದು ವಾಲಿಬಾಲ್ ಕ್ಲಬ್ಬಿಗೆ ಬಹಳ ವರ್ಷ ಸ್ಕೋರು ಬರೆದಿದ್ದೇನೆ. ಅಲ್ಲಿ ಏಳನೇ ನಂಬರು ಪರಶುರಾಮನದು. ತಾಲ್ಲೂಕು ಮಟ್ಟ ದಾಟಿದವನಲ್ಲ, ಆದರೆ ಅವನ ಎಡಗೈ ಸರ್ವೀಸು ಮಾತ್ರ ಜೋರು. ಅವನನ್ನು ಸೈನ್ಯದ ಭರ್ತಿಗೆ ಕರೆದುಕೊಂಡು ಹೋದವನು ನಾನೇ. ಅಂದಿನಿಂದ ಅವನ ತಾಯಿ ಗಂಗಮ್ಮ ನನ್ನ ಜೊತೆ ಮಾತು ಬಿಟ್ಟಿದ್ದರು. ರಜೆಗೆ ಬಂದಾಗ ಹಾಕಿಕೊಳ್ಳಲಿ ಎಂದು ಅವನ ಜರ್ಸಿಯನ್ನು ಹುಡುಗರು ಯಾರಿಗೂ ಕೊಟ್ಟಿರಲಿಲ್ಲ.

ಗಡಿಯಲ್ಲಿ ಯುದ್ಧ ನಡೆದಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ದಾವಣಗೆರೆ ಕೆ.ಬಿ. ಬಡಾವಣೆಯ ತಂಡದ ಜೊತೆ ಆಟವಿತ್ತು. ಬೆಳಗಿನಿಂದ ನನಗದು ನಾಲ್ಕನೇ ಪಂದ್ಯ. ಸೊಂಟ ಹಿಡಿದಿತ್ತು, ಕಣ್ಣು ಉರಿಯುತ್ತಿತ್ತು. ಸರ್ವೀಸು ಮಾಡಿದವನ ನಂಬರಿನ ಮುಂದೆ, ಬಂದ ಪಾಯಿಂಟಿಗೊಂದು ಗೀಟು ಹಾಕುತ್ತಿದ್ದೆ. ಮುಖ ನೋಡುವಷ್ಟೂ ಚೈತನ್ಯವಿರಲಿಲ್ಲ. ಕೊನೆಯ ಸೆಟ್ಟಿನಲ್ಲಿ ಎರಡೇ ಪಾಯಿಂಟಿನಿಂದ ನಮ್ಮವರು ಸೋತರು. ಪದ್ಧತಿಯಂತೆ ಇಬ್ಬರೂ ಕ್ಯಾಪ್ಟನ್ನರು ಹಾಳೆಗೆ ಸಹಿ ಹಾಕಿದರು. ದಾವಣಗೆರೆಯ ಕ್ಯಾಪ್ಟನ್ ಆ ವರ್ಷ ಬಂದ ಹೊಸಬ. “ಸರ್, ನಿಮ್ಮ ಏಳನೇ ನಂಬರ್ ಸರ್ವೀಸ್ ಭಾರಿ ಐತ್ರಿ, ನಮಗ ಎತ್ತಾಕ ಆಗ್ಲಿಲ್ಲ” ಎಂದ. ತಲೆಯಾಡಿಸಿ ಬಸ್ಸು ಹಿಡಿದೆ.

ಮರುದಿನ ಸುದ್ದಿ ಬಂತು. ನಾವು ಆಡುತ್ತಿದ್ದ ಹೊತ್ತಿನಲ್ಲೇ ಗಡಿಯಲ್ಲಿ ಪರಶುರಾಮ ತೀರಿಕೊಂಡಿದ್ದ.

ಹಾಳೆ ತೆಗೆದು ನೋಡಿದೆ. ಅವನ ಜಾಗದಲ್ಲಿ ಆಡಿದವನ ನಂಬರು ಹನ್ನೆರಡು. ಹಾಳೆಯಲ್ಲಿ ಹನ್ನೆರಡು ಎಲ್ಲೂ ಇರಲಿಲ್ಲ. ಏಳರ ಮುಂದೆ ಸಾಲಾಗಿ ಐದು ಗೀಟು, ನನ್ನದೇ ಕೈಯವು. ವರ್ಷಗಟ್ಟಲೆ ಏಳು ಬರೆದ ಕೈ, ರೂಢಿಯಲ್ಲಿ ಬರೆದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮನಸ್ಸು ತಡೆಯದೆ ಆ ಕ್ಯಾಪ್ಟನ್ನಿಗೆ ಫೋನು ಮಾಡಿದೆ. “ಎತ್ತರದವ್ರು, ಎಡಗೈಲೆ ಹೊಡೀತಿದ್ರಲ್ರಿ ಸರ್” ಎಂದ. ಆ ದಿನದ ತಂಡದಲ್ಲಿ ಎಡಚರು ಒಬ್ಬರೂ ಇರಲಿಲ್ಲ.

ನನಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಆ ಹುಡುಗನನ್ನು ಕಳಿಸಿದವನು ನಾನಲ್ಲವೇ?

ಕಾರ್ಯವೆಲ್ಲ ಮುಗಿದ ಮೇಲೆ ಹಾಳೆ ತೆಗೆದುಕೊಂಡು ಗಂಗಮ್ಮನ ಮನೆಗೆ ಹೋದೆ. ಬೈದರೆ ಬೈಸಿಕೊಳ್ಳೋಣ ಎಂದೇ ಹೋಗಿದ್ದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಓದು ಬಾರದ ಆಕೆ ಆ ಐದು ಗೀಟುಗಳ ಮೇಲೆ ಬೆರಳಾಡಿಸಿದರು. ತಲೆಯೆತ್ತಿ ಕೇಳಿದರು: “ನನ್ನ ಮಗ ಗೆದ್ನೇನ್ರಿ, ಸರ?”

“ಗೆದ್ದ, ತಾಯಿ.”

ಆ ಹಾಳೆಯ ವಿಷಯದಲ್ಲಿ ನಾನು ಆಡಿದ ಸುಳ್ಳು ಅದೊಂದೇ. ಉಳಿದದ್ದು ಹೇಗಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ.