ಸಾಕಮ್ಮತ್ತೆ ದಾಟದ ಹಗ್ಗ

ಸಾಕಮ್ಮತ್ತೆ ಎಲ್ಲಿ ನಡೆದರೂ ಅವಳ ಎಡಗೈ ಸೊಂಟದ ಮಟ್ಟಕ್ಕೆ ಚಾಚಿಕೊಂಡೇ ಇರುತ್ತಿತ್ತು. ಅಂಗೈ ಕೆಳಮುಖ, ಬೆರಳುಗಳು ತುಸು ಅಗಲ. ಪಕ್ಕದಲ್ಲೊಂದು ಕರು ಬರುತ್ತಿದೆ, ಅದರ ಬೆನ್ನು ಸವರುತ್ತಿದ್ದಾಳೆ ಅಂದುಕೊಳ್ಳಬೇಕು ನೋಡಿದವರು. ಮದುವೆಮನೆಯಲ್ಲೂ ಹಾಗೆಯೇ, ಬಸ್‌ಸ್ಟ್ಯಾಂಡಿನಲ್ಲೂ ಹಾಗೆಯೇ. ಆ ಕೈ ಯಾರಿಗೋ ತಗುಲಿ ಬೈಸಿಕೊಂಡದ್ದೂ ಉಂಟು.

ಅದು ಹಾಸು ಮುಟ್ಟಿ ಮುಟ್ಟಿ ಬಂದ ಅಭ್ಯಾಸ. ಹಿಂದೂಪುರದ ನಮ್ಮ ನೇಕಾರರ ಬೀದಿಯಲ್ಲಿ, ಬೆಳಗಿನ ಹೊತ್ತು, ಸೀರೆಯ ಉದ್ದೆಳೆಗಳನ್ನೆಲ್ಲ ಬೀದಿಯ ಒಂದು ತುದಿಯ ಗೂಟದಿಂದ ಇನ್ನೊಂದು ತುದಿಯ ಗೂಟಕ್ಕೆ ಎಳೆದು ಕಟ್ಟುತ್ತಿದ್ದರು. ಅದೇ ಹಾಸು. ಅದರ ಪಕ್ಕದಲ್ಲಿ ಹೋಗುತ್ತ ಬರುತ್ತ, ಎಳೆಗಳ ಮೇಲೆ ಅಂಗೈ ಆಡಿಸಿ, ಕಡಿದ ಎಳೆ ಹುಡುಕಿ ಗಂಟು ಹಾಕುವುದು ಅತ್ತೆಯ ಕೆಲಸ. ಅವಳು ನಮ್ಮಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ನನ್ನನ್ನು ಸಾಕಿದಳು. ನಾನು ನಡೆಯಲು ಕಲಿತದ್ದೂ ಹಾಸಿನ ಪಕ್ಕದಲ್ಲಿ, ಅವಳ ಸೆರಗು ಹಿಡಿದುಕೊಂಡೇ ಅಂತೆ.

ಕಟ್ಟಿದ ಹಾಸನ್ನು ಯಾರೂ ದಾಟಬಾರದು. ಬೈಕಿನವರು ಬಂದರೆ "ಏಯ್ ಬಾಬೂ, ದಾಟೊದ್ದು!" ಎಂದು ತೆಲುಗಿನಲ್ಲಿ ಗದರಿ ಹಿಂದಕ್ಕೆ ಕಳಿಸುತ್ತಿದ್ದಳು. ಒಮ್ಮೆ ಸ್ಕೂಲಿಗೆ ತಡವಾಯಿತೆಂದು ನಾನು ಬಗ್ಗಿ ಹಾಸಿನಡಿ ನುಸುಳಿ ದಾಟಿಬಿಟ್ಟೆ. ಅತ್ತೆ ಹೊಡೆಯಲಿಲ್ಲ. ಕೈ ಹಿಡಿದು, ಬೀದಿಯ ಈ ತುದಿಯಿಂದ ಆ ತುದಿಯವರೆಗೂ ನಡೆಸಿಕೊಂಡು ಹೋಗಿ ಗೂಟ ಸುತ್ತಿಸಿದಳು.

"ನಾಕ್ ಹೆಜ್ಜೆ ಜಾಸ್ತಿ ನಡುದ್ರೆ ನಿನ್ ಕಾಲೇನ್ ಸವುದೋಯ್ತಾವಾ? ಒಬ್ರು ಮೈ ಮುರ್ದು ಕಟ್ಟಿರೋದು ಕಣಮ್ಮ ಇದು. ಸುತ್ಕೊಂಡು ಹೋಗ್ಬೇಕು."

ಆವತ್ತು ಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಂತದ್ದು ನಾನು. ಅದನ್ನು ಹೇಳಿದರೆ ಅತ್ತೆ ನಕ್ಕಳು.

ನಡೆಯುವುದೆಂದರೆ ಅವಳಿಗೆ ಅಷ್ಟು ಇಷ್ಟ. ಕಲ್ಯಾಣದುರ್ಗದಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗ ನಾವೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಆಟೋ ಹತ್ತಿದರೆ ಅವಳು ಮಾತ್ರ "ನೀವ್ ಹೋಗಿ, ನಾನ್ ಬತ್ತೀನಿ" ಎಂದು ಹೊರಟುಬಿಡುತ್ತಿದ್ದಳು. ನಾವು ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ಬಂದು, ಯಾರ ಮನೆಗೆ ಹೊಸ ಸುಣ್ಣ, ಯಾರ ಎಮ್ಮೆ ಕರು ಹಾಕಿದೆ, ಕಂಬದೂರಿಂದ ಹುಣಸೆಹಣ್ಣು ತಂದು ಮಾರುತ್ತಿದ್ದವಳ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಎಲ್ಲ ಒಪ್ಪಿಸುತ್ತಿದ್ದಳು. ಆಟೋ ಮಾತೆತ್ತಿದರೆ, "ಅದ್ರಾಗೆ ಕುಂತ್ರೆ ಡ್ರೈವರಪ್ಪನ ಬೆನ್ನು ಬುಟ್ರೆ ಇನ್ನೇನಮ್ಮ ಕಾಣ್ತೈತೆ?" ಅನ್ನುವಳು.

ಇಂಥವಳ ಬಲಗಾಲಿಗೆ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಹುಣ್ಣು. ನಾನು ಪಾಂಡಿಚೇರಿಯಲ್ಲಿ ನರ್ಸ್. ಕಾಲು ಉಳಿಸಿಯೇ ತೀರುತ್ತೇನೆಂದು ಹಟ ಹಿಡಿದು ಅವಳನ್ನು ನನ್ನ ಮನೆಗೆ ಕರೆಸಿಕೊಂಡೆ. ಪಾದದ ಮೇಲೆ ಭಾರ ಬೀಳಲೇಬಾರದು ಅಂದರು ಡಾಕ್ಟರು. ಡಾಕ್ಟರು ಒಮ್ಮೆ ಹೇಳಿದ್ದನ್ನು ನಾನು ದಿನಕ್ಕೆ ಹತ್ತು ಸಲ ಹೇಳಿದೆ.

ನನ್ನ ಮನೆಯಿಂದ ಸಮುದ್ರಕ್ಕೆ ಎರಡೇ ಬೀದಿ. ನಡೆಯುವವರಿಗೆಂದೇ ಮಾಡಿಟ್ಟಂಥ ಊರು ಅದು. ಹಳದಿ ಗೋಡೆಗಳ ನೇರ ಬೀದಿಗಳು, ಗೋಡೆಯಾಚೆ ಬಾಗಿದ ಕಾಗದದ ಹೂವಿನ ಬಳ್ಳಿ, ಸಂಜೆಯಾದರೆ ಗಾಡಿಗಳನ್ನು ಬಿಡದ ಕಡಲ ದಾರಿ. ಅಂಥ ಕಡೆ ಅತ್ತೆ ಮೂರು ವಾರ ಮಂಚದ ಮೇಲೆ ಕಾಲು ಚಾಚಿ ಕೂತು ಅಲೆಯ ಸದ್ದು ಕೇಳಿದಳು. ಅವಳು ಅದುವರೆಗೆ ಸಮುದ್ರ ಕಂಡವಳಲ್ಲ.

"ಗೌರೀ, ಒಂದೇ ಒಂದ್ ಕಿತ ನಡ್ಕೊಂಡೋಗಿ ನೋಡ್ಕೊಂಡ್ ಬಂದ್ಬುಡ್ತೀನಿ ಕಣಮ್ಮ."

ಕೊನೆಗೆ ಒಂದು ಸಂಜೆ ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಹೊರಟೆ. ಅತ್ತೆಗೆ ಕಂಡದ್ದೆಲ್ಲ ಬೆರಗು. ಕೆಂಪು ಟೋಪಿಯ ಪೊಲೀಸರನ್ನು ನೋಡಿ "ಇವ್ರು ಬ್ಯಾಂಡ್‌ಸೆಟ್ಟಿನೋರಾ?" ಎಂದಳು. ಬೇಯಿಸಿದ ಕಡಲೆಯ ಸುಂಡಲ್ ಮಾರುವ ತಮಿಳು ಹೆಂಗಸನ್ನು ತೆಲುಗಿನಲ್ಲಿ ಮಾತಾಡಿಸಿ, ಅವಳು ತಮಿಳಿನಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿದಳು. ಸಮುದ್ರ ಕಂಡಾಗ ಈ ತುದಿಯಿಂದ ಆ ತುದಿಯವರೆಗೆ ಕತ್ತು ತಿರುಗಿಸಿ ತಿರುಗಿಸಿ ನೋಡಿದಳು.

ದಾರಿ ಮುಗಿಯುವ ಕಡೆ ಬೆಸ್ತರ ದೋಣಿಗಳಿದ್ದವು. ಅಲ್ಲೊಂದು ಹೊಸ ಹಗ್ಗವನ್ನು ತೆಂಗಿನ ಮರಕ್ಕೆ ಬಿಗಿದು, ನಮ್ಮ ದಾರಿಗೆ ಅಡ್ಡಲಾಗಿ, ನೀರಿನ ಕಡೆಗೆ ಎಳೆದು ಕಟ್ಟಿದ್ದರು. ನೆಲದಿಂದ ಗೇಣೆತ್ತರ. ನಾನು ಗಾಡಿಯ ಮುಂದಿನ ಗಾಲಿ ಎತ್ತಿ ದಾಟಿಸಹೋದೆ.

"ದಾಟ್ಬ್ಯಾಡ!" ಎಂದು ಅತ್ತೆ ಗಾಲಿ ಹಿಡಿದುಬಿಟ್ಟಳು. "ಯಾರೋ ಕಟ್ಟವ್ರೆ. ಸುತ್ಕೊಂಡೋಗನ."

ಇದು ಹಾಸಲ್ಲ, ದೋಣಿ ಹಗ್ಗ ಎಂದು ನಾನು ಹೇಳುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಬಗ್ಗಿ ಹಗ್ಗದ ಮೇಲೆ ಎಡಗೈ ಇಟ್ಟು, ಸಮುದ್ರದ ಕಡೆಗೆ ನಡೆದೇಬಿಟ್ಟಳು. ಐದಾರು ಹೆಜ್ಜೆ. ಒಂದು ಕಡೆ ನಾರು ಬಿಚ್ಚಿಕೊಂಡಿತ್ತು. ನಿಂತು, ಅದನ್ನು ಎರಡು ಬೆರಳಲ್ಲಿ ಹೊಸೆದು ಸರಿಮಾಡಿದಳು. ಅವಳ ಮುಖ ಆಗ ಹೇಗೆ ಅರಳಿತ್ತೋ, ಅದನ್ನು ನಾನು ನೋಡಬೇಕಿತ್ತು. ನಾನು ನೋಡಿದ್ದು ಮರಳಿನಲ್ಲಿದ್ದ ಬ್ಯಾಂಡೇಜಿನ ಪಾದವನ್ನು.

"ನಿಂಗೆ ಬುದ್ಧಿ ಐತೇನತ್ತೆ? ಬಾ, ಕೂತ್ಕೋ!" ಎಂದು ಎಲ್ಲರೆದುರು ಕಿರುಚಿ, ರಟ್ಟೆ ಹಿಡಿದು ಎಳೆತಂದು ಕೂರಿಸಿದೆ.

"ಆ ತುದೀಗಂಟ ಕಣಮ್ಮ. ಅಷ್ಟೇಯ."

"ಕಾಲು ಉಳೀಲಿ. ಆಮೇಲೆ ದಿನಾ ನಡೆಸ್ತೀನಿ."

ಕಾಲು ಉಳಿಯಲಿಲ್ಲ. ಹುಣ್ಣು ಆಗಲೇ ಮೂಳೆಗಿಳಿದಿತ್ತು. ಆ ಐದಾರು ಹೆಜ್ಜೆಯಿಂದ ಆದದ್ದೇನೂ ಇಲ್ಲ, ಎಷ್ಟು ಕೂರಿಸಿದ್ದರೂ ಇದೇ ಆಗುತ್ತಿತ್ತು ಅಂದರು ಡಾಕ್ಟರು. ಸಮಾಧಾನಕ್ಕೆಂದು ಅವರು ಹೇಳಿದ ಆ ಮಾತೇ ನನ್ನನ್ನು ಇವತ್ತಿಗೂ ಕೊಲ್ಲುತ್ತದೆ. ಮೊಣಕಾಲಿನ ಕೆಳಗೆ ತೆಗೆದರು.

ಆಮೇಲೆ ಅತ್ತೆ ಹಿಂದೂಪುರಕ್ಕೆ ಹೋದಳು. ನಾನು ಕೊನೆಯ ಸಲ ನೋಡಲು ಹೋದಾಗ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಬೀದಿಯಲ್ಲಿ ಈಗ ಹಾಸು ಕಟ್ಟುವುದು ಅಪರೂಪ. ಬೈಕುಗಳು ಓಡಾಡುತ್ತಿದ್ದವು. ಅವಳ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಹಿಂದಿನದೇನನ್ನೂ ಎತ್ತಲಿಲ್ಲ. ಅವಳೇ ಕೇಳಿದಳು.

"ಆ ಹಗ್ಗ ಎಲ್ಲಿಗಂಟ ಹೋಗಿತ್ತಮ್ಮ?"

ನನಗೆ ಗೊತ್ತಿರಲಿಲ್ಲ. ನೋಡಿ ಫೋನ್ ಮಾಡುತ್ತೇನೆ ಅಂದೆ.

"ನಡ್ಕೊಂಡೋಗಿ ನೋಡು. ದೂರದಿಂದ್ಲೇ ನೋಡ್ಬುಟ್ಟು ಹೇಳ್ಬ್ಯಾಡ" ಎಂದು ನಕ್ಕಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಪಾಂಡಿಚೇರಿಗೆ ಬಂದೆ. ಡ್ಯೂಟಿಯಿತ್ತು, ಜ್ವರವಿತ್ತು, ನಾಳೆ ಹೋದರಾಯಿತು ಅನ್ನುವುದೂ ಇತ್ತು. ಸಮುದ್ರ ಎರಡೇ ಬೀದಿ ದೂರ. ಹತ್ತೊಂಬತ್ತನೆಯ ದಿನ ಅಪ್ಪ ಫೋನ್ ಮಾಡಿ ನಿಮ್ಮತ್ತೆ ಹೋಗಿಬಿಟ್ಟಳು ಅಂದ.

ಮಣ್ಣು ಮುಗಿಸಿ ಬಂದ ಮಾರನೆಯ ಸಂಜೆ ಹೋದೆ. ಹಗ್ಗ ಅಲ್ಲೇ ಇತ್ತು, ಬಿಸಿಲಿಗೆ ಬಣ್ಣ ಹೋಗಿತ್ತು. ತೆಂಗಿನ ಮರದಿಂದಲ್ಲ, ಅತ್ತೆಯನ್ನು ನಾನು ತಿರುಗಿಸಿದ ಜಾಗದಿಂದ ಹೊರಟೆ. ಬಗ್ಗಿ ಎಡಗೈ ಹಗ್ಗದ ಮೇಲಿಟ್ಟೆ. ಅವಳು ಹೊಸೆದ ನಾರು ಸಿಗುತ್ತದೇನೋ ಎಂದು ತಡಕಿದೆ, ಸಿಗಲಿಲ್ಲ. ಅಳುತ್ತಲೇ ನಡೆದೆ. ಹಗ್ಗ ಒಂದು ಹಳೆಯ ದೋಣಿಯ ಮೂಗಿಗೆ ಕಟ್ಟಿಕೊಂಡು ಮುಗಿಯಿತು. ಅಷ್ಟರಲ್ಲಿ ಒಂದು ಅಲೆ ಬಂದು ನನ್ನ ಎರಡೂ ಪಾದ ತೋಯಿಸಿತು.

ಹದಿನಾಲ್ಕು ಹೆಜ್ಜೆ, ಅತ್ತೆ. ಅಷ್ಟೇ.