ಹನ್ನೊಂದೂವರೆಯ ಬುಕಿಂಗ್

ಇವತ್ತು ಸೋಮವಾರ, ನಮ್ಮ ಹೋಟೆಲಿಗೆ ರಜೆ. ಸರಿಯಾಗಿ ಹನ್ನೊಂದೂವರೆಗೆ ನಾನು, ಹೆಂಡತಿ, ಮಗಳು ನಾಸಿಕ್ ಹೊರಗಿನ ಪಾರ್ಕಿನಲ್ಲಿ ರೋಲರ್ ಕೋಸ್ಟರ್ ಗೇಟಿನ ಮುಂದಿದ್ದೆವು ಸ್ನೇಹಿತರೇ. ಸಾಲಿನಲ್ಲಿ ಕಾಯಬಾರದೆಂದು ಮೊಬೈಲಿನಲ್ಲಿ ಮೊದಲೇ ಹನ್ನೊಂದೂವರೆಗೆ ಬುಕ್ ಮಾಡಿದ್ದೆ. ಅದೇ ಬುದ್ಧಿ ಇನ್ನೂ ಅರವತ್ತು ಮಂದಿಗೆ ಹೊಳೆದಿತ್ತು. ಇರುವುದು ಹದಿನಾರು ಸೀಟು. ನಮ್ಮನ್ನು ಒಳಗೆ ಬಿಡುವುದಕ್ಕೆಂದು ಬುಕಿಂಗ್ ಇಲ್ಲದವರ ಸಾಲನ್ನು ತಡೆದಿದ್ದರು. ಹೀಗಾಗಿ ಅವರೂ ನಿಂತಿದ್ದರು, ನಾವೂ ನಿಂತಿದ್ದೆವು. ಅವರಿಗಾದರೂ ನೆರಳಿತ್ತು.

ಗೇಟಿನ ಹುಡುಗಿ ಪಟ್ಟಿಯಿಂದ ತಲೆ ಎತ್ತದೆ, "ಕಾಕಾ, ಬಸ್ ಪಾಚ್ ಮಿನಿಟ್" ಎಂದಳು. ಹನ್ನೆರಡಕ್ಕೆ ಕೇಳಿದರೂ ಐದೇ ನಿಮಿಷ. ಹನ್ನೆರಡೂವರೆಗೆ ಕೇಳಿದರೂ ಐದೇ ನಿಮಿಷ. ನಮ್ಮ ಸರದಿ ಯಾವಾಗ ಎಂದು ಮಗಳು ಮರಾಠಿಯಲ್ಲಿ ಕೇಳುವುದನ್ನೂ ಬಿಟ್ಟಳು. ನನಗೆ ರೇಗಿತು.

"ಇದೆಂತ ಬುಕಿಂಗ್ ಮಾರಾಯ್ತಿ? ಸುಳ್ಳು ಹೇಳಿ ಜನರನ್ನು ನಿಲ್ಲಿಸ್ಲಿಕ್ಕೆ ಇವರಿಗೆ ನಾಚಿಕೆ ಆಗುದಿಲ್ವಾ?" ಎಂದು ಹೆಂಡತಿಯ ಮುಂದೆ ಕೂಗಾಡಿದೆ.

ಅವಳು ನೀರಿನ ಬಾಟಲಿ ಮುಚ್ಚುತ್ತ ಕೇಳಿದಳು: "ಭಾನುವಾರ ನಮ್ಮ ಹೋಟೆಲಿನ ಬಾಗಿಲಲ್ಲಿ ಜನರ ಹೆಸರು ಬರ್ಕೊಂಡು ನೀವು ಎಂತ ಹೇಳುದು?"

ಐದೇ ನಿಮಿಷ ಎನ್ನುತ್ತೇನೆ. ಪಂಚವಟಿಯ ನಮ್ಮ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಹಾಗೇ ಎನ್ನುತ್ತಿದ್ದೇನೆ.

"ಈ ಹುಡುಗಿ ನಿಮಗಿಂತ ಚಂದ ಹೇಳ್ತಾಳೆ. ಒಬ್ಬರೂ ಬಿಟ್ಟು ಹೋಗ್ಲಿಲ್ಲ ನೋಡಿ. ನಮ್ಮಲ್ಲಿಗೆ ಕೆಲಸಕ್ಕೆ ಬರ್ತಾಳಾ ಕೇಳಿ."

ಕೇಳಿದೆ. ಐದು ನಿಮಿಷದಲ್ಲಿ ಹೇಳುತ್ತಾಳಂತೆ.